ಯಂತ್ರ ಮಜಾಜಿ, ಬಾಗಿಲು ಹಕೀಕಿ
(ಶಿಕ್ಷಕರು ಹಾಗೂ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಬರಹರೂಪ)



ಉರ್ದು ಪಾಠದಲ್ಲಿ ನಾವು ಪದದ ಅರ್ಥವನ್ನು ಎರಡು ಬಗೆಯಾಗಿ ಹೇಳುತ್ತೇವೆ: ಹಕೀಕಿ ಮತ್ತು ಮಜಾಜಿ. ಕನ್ನಡ ತರಗತಿಯಲ್ಲಿ ಇದನ್ನೇ ವಾಚ್ಯಾರ್ಥ, ಲಕ್ಷ್ಯಾರ್ಥ ಎನ್ನುತ್ತೇವೆ. ಕಂಪ್ಯೂಟರ್ ಲೋಕದ 'ವರ್ಚುವಲ್' ಎಂಬ ಮಾತಿಗೂ ಉರ್ದುವಿನಲ್ಲಿ ಮಜಾಜಿ ಎನ್ನುವುದುಂಟು. ವರ್ಚುವಲ್ ಮಷೀನ್ ಎಂದರೆ ದೊಡ್ಡ ಸರ್ವರಿನ ಒಳಗೆ ತಂತ್ರಾಂಶದಿಂದ ರೂಪಿಸಿದ ಕಂಪ್ಯೂಟರ್. ಒಂದೇ ಪೆಟ್ಟಿಗೆಯಲ್ಲಿ ಇಂಥವು ಐದಾರು ನಡೆಯಬಲ್ಲವು. ಯಂತ್ರ ಮಜಾಜಿಯಾದರೂ ಅದಕ್ಕೆ ನಾವು ಇಡುವ ನೆಟ್‌ವರ್ಕ್ ಬಾಗಿಲು ಹಕೀಕಿ. ಅದರೊಳಗೆ ಬರುವವರು ನಿಜವಾದ ಜನರು. ನಾನು ಹೇಳಬೇಕೆಂದಿರುವುದು ಈ ಒಂದೇ ಮಾತು.

ಭಾಷಾ ಶಿಕ್ಷಕರಿಗೆ ಇದೇಕೆ ಎಂದು ತಾವು ಕೇಳಬಹುದು. ಶಾಲೆಯ ಕಂಪ್ಯೂಟರುಗಳ ಹೊಣೆ ಬಹಳ ಕಡೆ ಸ್ವಲ್ಪ ಆಸಕ್ತಿ ಇರುವ ಶಿಕ್ಷಕರ ಹೆಗಲಿಗೇ ಬೀಳುತ್ತದೆ. ಒಂದು ವಿದ್ಯಾಸಂಸ್ಥೆಯನ್ನು ಊಹಿಸಿಕೊಳ್ಳಿ. ಅಲ್ಲಿರುವುದು ಒಂದೇ ಸರ್ವರ್. ಅದರಲ್ಲಿ ಕಚೇರಿಯ ಲೆಕ್ಕ ಮತ್ತು ಅಂಕಪಟ್ಟಿಗೆ ಒಂದು ವರ್ಚುವಲ್ ಯಂತ್ರ, ಗ್ರಂಥಾಲಯಕ್ಕೆ ಒಂದು, ಮಕ್ಕಳ ಲ್ಯಾಬಿಗೆ ಒಂದು. ಲ್ಯಾಬಿನಲ್ಲಿ ಕುಳಿತ ಹುಡುಗನಿಗೆ ಅಂಕಪಟ್ಟಿಯ ಯಂತ್ರ ಕಾಣಬೇಕೇ, ಕಾಣಬಾರದೇ? ಇದನ್ನು ತೀರ್ಮಾನಿಸುವುದು ನೆಟ್‌ವರ್ಕ್ ಕಾರ್ಡಿನ ಒಂದು ಸಣ್ಣ ಪುಟ.

ಪ್ರಾಕ್ಸ್‌ಮಾಕ್ಸ್ ವಿ.ಇ. ಎಂಬ ತಂತ್ರಾಂಶವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಆಸ್ಟ್ರಿಯಾದ ವಿಯೆನ್ನಾ ನಗರದ ಕಂಪನಿಯೊಂದು ಇದನ್ನು 2008ರಲ್ಲಿ ಮೊದಲು ಬಿಡುಗಡೆ ಮಾಡಿತು. ಇದು ಮುಕ್ತ ತಂತ್ರಾಂಶ. ಹಣ ಕೊಡದೆಯೂ ಬಳಸಬಹುದು. ಬ್ರೌಸರಿನಲ್ಲೇ ಎಲ್ಲ ಯಂತ್ರಗಳನ್ನೂ ನಿರ್ವಹಿಸಬಹುದು. ಇದರಲ್ಲಿ ನೆಟ್‌ವರ್ಕ್ ಕಾರ್ಡ್ ಜೋಡಿಸುವಾಗ ಐದು ವಿಷಯಗಳನ್ನು ಗಮನಿಸಬೇಕು.

ಮೊದಲನೆಯದು ಬ್ರಿಡ್ಜ್. ಇದು ಸರ್ವರಿನೊಳಗಿನ ಸ್ವಿಚ್ ಇದ್ದಂತೆ. ಸ್ಥಾಪನೆಯ ವೇಳೆ 'ವಿಎಂಬಿಆರ್0' ಎಂಬ ಬ್ರಿಡ್ಜ್ ತಾನಾಗಿ ಸಿದ್ಧವಾಗುತ್ತದೆ. ಸರ್ವರಿನ ನಿರ್ವಹಣಾ ಪುಟದ ವಿಳಾಸವೂ ಅದರ ಮೇಲೆಯೇ ಇರುತ್ತದೆ. ಲ್ಯಾಬಿನ ಯಂತ್ರವನ್ನು ಯೋಚಿಸದೆ ಅದಕ್ಕೇ ಸೇರಿಸಿದರೆ, ಮಕ್ಕಳ ಯಂತ್ರ ಮತ್ತು ಇಡೀ ಸರ್ವರಿನ ಬೀಗದ ಕೈ ಒಂದೇ ಪಡಸಾಲೆಯಲ್ಲಿ ಇಟ್ಟಂತಾಗುತ್ತದೆ. ಹೊರಗಿನ ಸಂಪರ್ಕವೇ ಬೇಡವಾದ ಯಂತ್ರಗಳಿಗೆ ಯಾವ ಕೇಬಲ್ಲಿಗೂ ಸೇರದ ಬೇರೊಂದು ಬ್ರಿಡ್ಜ್ ಮಾಡಬಹುದು. ಆಗ ಅವು ತಮ್ಮತಮ್ಮೊಳಗೆ ಮಾತ್ರ ಮಾತಾಡಿಕೊಳ್ಳುತ್ತವೆ.

ಎರಡನೆಯದು ವಿಲ್ಯಾನ್ ಸಂಖ್ಯೆ. ಒಂದೇ ಕೇಬಲ್ಲಿನಲ್ಲಿ ಹಲವು ಬೇರೆಬೇರೆ ಜಾಲಗಳನ್ನು ನಡೆಸುವ ವ್ಯವಸ್ಥೆ ಇದು. 1ರಿಂದ 4094ರವರೆಗೆ ಸಂಖ್ಯೆ ಕೊಡಬಹುದು. ಕಚೇರಿಗೆ 10, ಗ್ರಂಥಾಲಯಕ್ಕೆ 20, ಲ್ಯಾಬಿಗೆ 30 ಎಂದು ಹಂಚಿದರೆ ಒಂದರ ಮಾತು ಇನ್ನೊಂದಕ್ಕೆ ನೇರವಾಗಿ ಕೇಳಿಸದು. ಆದರೆ ಗೋಡೆಯ ಮೇಲಿನ ನಿಜವಾದ ಸ್ವಿಚ್ಚಿಗೂ ಇದೇ ಸಂಖ್ಯೆಗಳನ್ನು ತಿಳಿಸಿರಬೇಕು. ಇಲ್ಲದಿದ್ದರೆ ಯಂತ್ರ ಚೆನ್ನಾಗಿ ನಡೆಯುತ್ತದೆ, ನೆಟ್‌ವರ್ಕ್ ಮಾತ್ರ ಸಿಗುವುದಿಲ್ಲ. ಈ ಜಾಲಗಳನ್ನು ಕೂಡಿಸುವ ರೂಟರ್ ಇದ್ದರೆ, ಯಾರು ಎಲ್ಲಿಗೆ ಹೋಗಬಹುದೆಂಬ ನಿಯಮವನ್ನು ಅಲ್ಲಿಯೂ ಬರೆಯಬೇಕು.

ಮೂರನೆಯದು ಕಾರ್ಡಿನ ಮಾದರಿ. 'ವರ್ಟ್‌ಐಓ' ಮಾದರಿ ವೇಗವಾದದ್ದು. ಲಿನಕ್ಸ್ ಅದನ್ನು ತಾನೇ ಗುರುತಿಸುತ್ತದೆ. ವಿಂಡೋಸ್‌ಗೆ ಅದರ ಡ್ರೈವರ್ ಬೇರೆಯಾಗಿ ಹಾಕಬೇಕು. ಅಲ್ಲಿಯವರೆಗೆ ಇಂಟೆಲ್ 'ಇ1000' ಮಾದರಿ ಇಟ್ಟರೆ ಕೆಲಸ ನಡೆಯುತ್ತದೆ.

ನಾಲ್ಕನೆಯದು ಮ್ಯಾಕ್ ವಿಳಾಸ. ಇದು 48 ಬಿಟ್‌ಗಳ ಗುರುತು. ತರಗತಿಯ ಹಾಜರಿ ಸಂಖ್ಯೆಯ ಹಾಗೆ ಒಂದು ಜಾಲದಲ್ಲಿ ಒಬ್ಬರಿಗೆ ಒಂದೇ. ಯಂತ್ರವನ್ನು ಕ್ಲೋನ್ ಮಾಡಿದಾಗ ಹೊಸ ಗುರುತು ಸಿಗುತ್ತದೆ. ಆದರೆ ಬ್ಯಾಕಪ್ಪಿನಿಂದ ಮರಳಿ ತಂದಾಗ ಹಳೆಯದೇ ಉಳಿಯುತ್ತದೆ. ಮೂಲ ಯಂತ್ರವೂ ನಡೆಯುತ್ತಿದ್ದರೆ ಎರಡರ ಸಂಪರ್ಕವೂ ಕಡಿದು ಕಡಿದು ಬರುತ್ತದೆ. ಮರಳಿ ತರುವಾಗ 'ಯೂನಿಕ್' ಎಂಬಲ್ಲಿ ಗುರುತು ಹಾಕಿದರೆ ಈ ತೊಂದರೆ ಇಲ್ಲ.

ಐದನೆಯದು ಫೈರ್‌ವಾಲ್. ಕಾರ್ಡಿನ ಪುಟದಲ್ಲಿ ಅದರ ಮುಂದೆ ಟಿಕ್ ಇದೆ ಎಂದು ನೆಮ್ಮದಿಯಾಗಿ ಇರಬೇಡಿ. ಡೇಟಾಸೆಂಟರ್ ಮಟ್ಟದಲ್ಲಿಯೂ ಆಯಾ ಯಂತ್ರದ ಮಟ್ಟದಲ್ಲಿಯೂ ಅದನ್ನು ಚಾಲೂ ಮಾಡದಿದ್ದರೆ ಆ ಟಿಕ್ ಯಾರನ್ನೂ ತಡೆಯದು. ಚಾಲೂ ಮಾಡುವ ಮೊದಲು ನಿರ್ವಹಣಾ ಪುಟಕ್ಕೆ ಬೇಕಾದ 8006ನೇ ಪೋರ್ಟಿಗೆ ತಮ್ಮ ಕಂಪ್ಯೂಟರಿನಿಂದ ಅನುಮತಿ ಇದೆಯೇ ನೋಡಿಕೊಳ್ಳಿ. ಇಲ್ಲವಾದರೆ ತಾವೇ ಹೊರಗುಳಿಯಬಹುದು.

ಶಿಕ್ಷಕ ಬಂಧುಗಳೇ, ಯಂತ್ರ ಚಾಲೂ ಮಾಡುವ ಮುನ್ನ ಒಂದು ಹಾಳೆ ತೆಗೆದುಕೊಳ್ಳಿ. ಯಂತ್ರದ ಹೆಸರು, ಬ್ರಿಡ್ಜ್, ವಿಲ್ಯಾನ್ ಸಂಖ್ಯೆ, ಅದನ್ನು ಯಾರು ಮುಟ್ಟಬಹುದು, ಯಾರು ಮುಟ್ಟಬಾರದು ಎಂದು ಬರೆಯಿರಿ. ನಾಳೆ ತಮಗೆ ವರ್ಗವಾದರೂ ಮುಂದಿನವರಿಗೆ ಆ ಹಾಳೆ ದಾರಿ ತೋರಿಸುತ್ತದೆ. ಚಾಲೂ ಮಾಡಿದ ಮೇಲೆ ಲ್ಯಾಬಿನ ಯಂತ್ರದಲ್ಲಿ ಕುಳಿತು ಅಂಕಪಟ್ಟಿಯ ಯಂತ್ರವನ್ನು ತಲುಪಲು ತಾವೇ ಪ್ರಯತ್ನಿಸಿ. ತಲುಪಲಾಗದಿದ್ದರೆ ಮಾತ್ರ ಕೆಲಸ ಮುಗಿಯಿತೆನ್ನಿ.

ವಿದ್ಯಾರ್ಥಿಗಳೇ, ಇದನ್ನು ಕಲಿಯಲು ದುಬಾರಿ ಸರ್ವರ್ ಬೇಡ. ವರ್ಚುವಲೈಸೇಶನ್ ಸೌಲಭ್ಯವಿರುವ 64 ಬಿಟ್ಟಿನ ಹಳೆಯ ಕಂಪ್ಯೂಟರ್ ಸಾಕು. ಮನೆಯಲ್ಲಿ ಎರಡು ಯಂತ್ರ ಮಾಡಿ, ಅವುಗಳ ನಡುವೆ ಮಾತು ಬೆಳೆಸಿ, ಆಮೇಲೆ ಮಾತು ನಿಲ್ಲಿಸಿ ನೋಡಿ. ಬಾಗಿಲು ತೆರೆಯುವುದನ್ನು ಎಲ್ಲರೂ ಬೇಗ ಕಲಿಯುತ್ತಾರೆ. ಯಾವುದನ್ನು ಮುಚ್ಚಿಡಬೇಕೆಂದು ಬಲ್ಲವರ ಕೈಗೇ ಸಂಸ್ಥೆಗಳು ತಮ್ಮ ಮಕ್ಕಳ ವಿವರಗಳನ್ನು ಒಪ್ಪಿಸುತ್ತವೆ. ಅಂಥವರು ನಿಮ್ಮಲ್ಲಿಂದಲೇ ಬರಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.