ಓರಿ ಮಿಲ್ಲರ್: ಕೋವಿ ಮುಟ್ಟದವರ ಕೆಲಸ



ಮೆನೊನೈಟ್ ಕ್ರೈಸ್ತರು ಯುದ್ಧಕ್ಕೆ ಹೋಗುವುದಿಲ್ಲ. 16ನೇ ಶತಮಾನದಲ್ಲಿ ಮೆನ್ನೊ ಸಿಮೊನ್ಸ್ ಬೋಧಿಸಿದ ದಾರಿ ಅದು. ಕೋವಿ ಮುಟ್ಟುವುದಿಲ್ಲ, ಸರಿ, ಹಾಗಾದರೆ ಮಾಡುವುದೇನು? ಈ ಪ್ರಶ್ನೆಗೆ ಬದುಕಿಡೀ ದುಡಿದು ಉತ್ತರ ಕೊಟ್ಟವರು ಓರಿ ಮಿಲ್ಲರ್.

1892ರಲ್ಲಿ ಇಂಡಿಯಾನಾದಲ್ಲಿ ಹುಟ್ಟಿದ ಅವರು, ಮದುವೆಯಾದ ಮೇಲೆ ಪೆನ್ಸಿಲ್ವೇನಿಯಾದ ಆಕ್ರನ್‌ನಲ್ಲಿ ಮಾವನ ಬೂಟಿನ ಉದ್ಯಮ ಸೇರಿದರು. ಸರಕು, ಸಾಗಣೆ, ಲೆಕ್ಕಪತ್ರ ಅವರಿಗೆ ದಿನನಿತ್ಯದ ಮಾತು. ಚರ್ಚಿನ ಸೇವೆಗೂ ಅವರು ತಂದದ್ದು ಇದೇ ಕೈಚಳಕವನ್ನು.

1920ರಲ್ಲಿ ದಕ್ಷಿಣ ಉಕ್ರೇನಿನ ಮೆನೊನೈಟ್ ಹಳ್ಳಿಗಳು ಅಂತರ್ಯುದ್ಧಕ್ಕೆ ಸಿಕ್ಕಿ ನುಚ್ಚುನೂರಾಗಿದ್ದವು. ಆ ಹಳ್ಳಿಗರ ನೆರವಿಗೆಂದೇ ಅಮೆರಿಕದಲ್ಲಿ ಮೆನೊನೈಟ್ ಕೇಂದ್ರ ಸಮಿತಿ ಹುಟ್ಟಿತು. ಮಿಲ್ಲರ್ ಇನ್ನಿಬ್ಬರೊಂದಿಗೆ ಹಡಗು ಹತ್ತಿ ಕಾನ್ಸ್ಟಾಂಟಿನೋಪಲ್ ಸೇರಿದರು. ಅಲ್ಲಿಂದ ಅವರಲ್ಲೊಬ್ಬನಾದ ಕ್ಲೇಟನ್ ಕ್ರಾಟ್ಸ್ ಎಂಬ ತರುಣನ ಜೊತೆ ಉಕ್ರೇನಿಗೆ ಹೋದರು. ಕ್ರಾಟ್ಸ್ ಕಾಲೇಜು ಓದು ಅರ್ಧಕ್ಕೇ ಬಿಟ್ಟು ಬಂದಿದ್ದ ಹುಡುಗ. ಮಿಲ್ಲರ್ ಕಾನ್ಸ್ಟಾಂಟಿನೋಪಲ್‌ಗೆ ಮರಳಿದರು. ಕ್ರಾಟ್ಸ್ ಉಕ್ರೇನಿನ ಹಳ್ಳಿ ಹಾಲ್ಬ್‌ಸ್ಟಾಟ್‌ನಲ್ಲೇ ಉಳಿದ. ಅಷ್ಟರಲ್ಲಿ ಕೆಂಪು ಸೇನೆ ಊರಿಗೆ ನುಗ್ಗಿ ಅವನನ್ನು ಬಂಧಿಸಿತು. ಆಮೇಲೆ ಅವನ ಸುಳಿವೇ ಸಿಗಲಿಲ್ಲ. ಇಷ್ಟಾದ ಮೇಲೂ ಸಮಿತಿಯವರು ಹಿಂದೆ ಸರಿಯಲಿಲ್ಲವಲ್ಲ, ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು ಅದೇ.

1922ರಲ್ಲಿ, ಬರಕ್ಕೂ ಸಿಕ್ಕಿದ್ದ ಆ ಉಕ್ರೇನಿನಲ್ಲಿ ಸಮಿತಿಯ ಗಂಜಿಕೇಂದ್ರಗಳು ತೆರೆದವು. ಆ ಬೇಸಗೆಯಲ್ಲಿ ದಿನಕ್ಕೆ ಸುಮಾರು 25 ಸಾವಿರ ಜನ ಉಂಡರು. ಆದರೆ ಇಂದು ಉಂಡವರಿಗೆ ನಾಳೆಯೂ ಊಟ ಬೇಕಲ್ಲ? ಯುದ್ಧ, ಬರಗಳಲ್ಲಿ ಹಳ್ಳಿಗಳ ಕುದುರೆಗಳು ಹೋಗಿಬಿಟ್ಟಿದ್ದವು, ನೇಗಿಲು ಎಳೆಯುವ ಪ್ರಾಣಿಗಳಿರಲಿಲ್ಲ. ಅಮೆರಿಕದಿಂದ 50 ಫೋರ್ಡ್ಸನ್ ಟ್ರ್ಯಾಕ್ಟರುಗಳು, ಜೊತೆಗೆ ನೇಗಿಲುಗಳು ಹಡಗಿನಲ್ಲಿ ಬಂದವು. ಬಿತ್ತನೆ ಮತ್ತೆ ಶುರುವಾಯಿತು.

1935ರಿಂದ 1958ರವರೆಗೆ ಮಿಲ್ಲರ್ ಆ ಸಮಿತಿಯ ಕಾರ್ಯದರ್ಶಿಯಾಗಿದ್ದರು. ಆ ಅವಧಿಯಲ್ಲೇ ನಡೆದ ಎರಡನೆಯ ಮಹಾಯುದ್ಧದಲ್ಲಿ ಸೇನೆಗೆ ಸೇರಲೊಪ್ಪದ ಅಮೆರಿಕದ ಮೆನೊನೈಟ್ ತರುಣರು ಕಾಡು, ಹೊಲಗಳಲ್ಲಿ, ಮಾನಸಿಕ ಆಸ್ಪತ್ರೆಗಳಲ್ಲಿ ಸಂಬಳವಿಲ್ಲದೆ ದುಡಿದರು. ಆಸ್ಪತ್ರೆಗಳಲ್ಲಿ ರೋಗಿಗಳ ಪಾಡು ಕಣ್ಣಾರೆ ಕಂಡ ಅನುಭವದಿಂದಲೇ ಮುಂದೆ ಮೆನೊನೈಟರು ತಮ್ಮದೇ ಮಾನಸಿಕ ಆರೋಗ್ಯ ಕೇಂದ್ರಗಳನ್ನು ಕಟ್ಟಿದರು. ಅದೇ ಯುದ್ಧಕಾಲದಲ್ಲಿ, 1942ರಲ್ಲಿ, ಸಮಿತಿಯ ಪರಿಹಾರ ಕಾರ್ಯ ನಮ್ಮ ಕಲ್ಕತ್ತೆಗೂ ಬಂತು.

ರಷ್ಯಾ ಬಿಟ್ಟು ಬಂದ ಮೆನೊನೈಟರು ಪರಾಗ್ವೆಯ ಚಾಕೊ ಬಯಲಿನಲ್ಲಿ ಒಕ್ಕಲು ಹೂಡಿದ್ದರು. 1953ರಲ್ಲಿ ಮಿಲ್ಲರ್ ಮತ್ತವರ ಉದ್ಯಮಿ ಗೆಳೆಯರು ಒಂದು ಸಂಸ್ಥೆ ಕಟ್ಟಿ, ಅಲ್ಲಿನ ಸರೋನಾ ಹೈನುಗಾರಿಕೆಗೆ ಬಂಡವಾಳ ಹಾಕಿದರು. ಅವರು ಕೊಟ್ಟದ್ದು ಭಿಕ್ಷೆಯಲ್ಲ, ಪಾಲುದಾರಿಕೆ. ಸಂಕಟದಲ್ಲಿರುವವನನ್ನು ಸರಿಸಮನಾಗಿ ಕಂಡು, ಅವನ ದುಡಿಮೆಯನ್ನು ನಂಬಿ ಹಣ ಹೂಡುವುದನ್ನು ಆ ಬೂಟಿನ ವ್ಯಾಪಾರಿ ಧರ್ಮದ ಕೆಲಸವೆಂದೇ ಬಗೆದಿದ್ದರು. 1977ರಲ್ಲಿ ಅವರು ತೀರಿಕೊಂಡರು. ಆ ಸಂಸ್ಥೆ ಇಂದಿಗೂ ಹಲವು ದೇಶಗಳಲ್ಲಿ ಸಣ್ಣ ರೈತರ, ಸಣ್ಣ ಉದ್ಯಮಗಳ ಜೊತೆ ಕೆಲಸ ಮಾಡುತ್ತಿದೆ.