ಪರನಾಡಿನ ಪಂಚಾಂಗ

ಪ್ರಯಾಣ ಹೊರಡುವ ಮುನ್ನ ಪಂಚಾಂಗ ನೋಡುವುದು ನಮ್ಮ ಹಿರಿಯರ ವಾಡಿಕೆ. ಯಾವ ವಾರ ಯಾವ ದಿಕ್ಕಿಗೆ ಶೂಲೆ, ರಾಹುಕಾಲ ಎಷ್ಟು ಹೊತ್ತಿಗೆ ಕಳೆಯುತ್ತದೆ ಎಂಬುದನ್ನೆಲ್ಲ ವಿಚಾರಿಸಿಕೊಂಡ ಮೇಲೆಯೇ ಅವರು ಹೊಸ್ತಿಲು ದಾಟುತ್ತಿದ್ದರು. ಇಂದು ವಿದೇಶಕ್ಕೆ ಹೊರಡುವವರು ವೀಸಾ, ವಿಮಾನದ ಟಿಕೆಟ್, ಹೋಟೆಲಿನ ಕೋಣೆ ಎಲ್ಲವನ್ನೂ ತಿಂಗಳುಗಳ ಮೊದಲೇ ಗೊತ್ತುಮಾಡಿಕೊಳ್ಳುತ್ತಾರೆ. ತಾವು ಹೋಗಿ ಇಳಿಯುವ ನಾಡಿನ ಪಂಚಾಂಗವನ್ನು ಮಾತ್ರ ನೋಡುವುದಿಲ್ಲ. ಅದರ ಫಲವನ್ನು ಮುಚ್ಚಿದ ಕದದ ಮುಂದೆ ನಿಂತು ಅನುಭವಿಸುತ್ತಾರೆ.

ಈ ಮಾತಿಗೆ ಜರ್ಮನಿ ಒಳ್ಳೆಯ ನಿದರ್ಶನ. ನಮ್ಮಲ್ಲಿ ಹಬ್ಬ ಬಂತೆಂದರೆ ಪೇಟೆಬೀದಿಗೆ ಕಳೆ ಬರುತ್ತದೆ. ಹೂವಿನವರಿಗೂ ಹಣ್ಣಿನವರಿಗೂ ಅಂದು ಬಿಡುವೇ ಇಲ್ಲ. ಜರ್ಮನಿಯಲ್ಲಿ ಹಬ್ಬ ಬಂತೆಂದರೆ ಪೇಟೆ ಮೌನ ತಾಳುತ್ತದೆ. ಭಾನುವಾರವೂ ಹಾಗೆಯೇ. ಕ್ರಿಸ್‌ಮಸ್‌ಗೆ ಅಲ್ಲಿ ಡಿಸೆಂಬರ್ 25 ಮತ್ತು 26 ಎರಡು ದಿನ ರಜೆ. 25ನೆಯ ತಾರೀಖು ಶುಕ್ರವಾರ ಬಂದ ವರ್ಷ, ಭಾನುವಾರವೂ ಸೇರಿ, ಮೂರು ದಿನ ಸಾಲಾಗಿ ಅಂಗಡಿಗಳಿಗೆ ಬೀಗ. ಹಿಂದಿನ ದಿನವಾದ 24ರಂದು ಕೂಡ ಮಧ್ಯಾಹ್ನದ ಹೊತ್ತಿಗೇ ವ್ಯಾಪಾರ ಮುಗಿಯುತ್ತದೆ. ಅಂದು ಸಂಜೆ ವಿಮಾನದಿಂದಿಳಿದ ಸಸ್ಯಾಹಾರಿ ಪ್ರವಾಸಿಯ ಪಾಡನ್ನು ಕೇಳುಗರು ಊಹಿಸಿಕೊಳ್ಳಬಹುದು.

ಇದನ್ನು ಬರಿಯ ಸೋಮಾರಿತನವೆಂದೋ ಸೇವೆಯ ಕೊರತೆಯೆಂದೋ ಎಣಿಸಿದರೆ ನಾವು ಆ ನಾಡನ್ನು ಅರಿಯದೆಯೇ ಹಿಂತಿರುಗಿದಂತೆ. ಭಾನುವಾರ ಹಾಗೂ ರಜಾದಿನಗಳು ದುಡಿಮೆಯ ಬಿಡುವಿಗೂ ಮನಸ್ಸಿನ ಉನ್ನತಿಗೂ ಮೀಸಲೆಂದು 1919ರ ವೈಮಾರ್ ಸಂವಿಧಾನ ಸಾರಿತು. ಆ ಸಂವಿಧಾನದ ಗಣರಾಜ್ಯ ಅಳಿಯಿತು. ಆದರೆ ಈ ವಿಧಿ ಅಳಿಯಲಿಲ್ಲ. 1949ರ ಮೂಲಶಾಸನ ಅದನ್ನು ಹಾಗೆಯೇ ತನ್ನೊಳಗೆ ಸೇರಿಸಿಕೊಂಡಿತು. 2006ರಲ್ಲಿ ಅಂಗಡಿಗಳ ವೇಳೆಯನ್ನು ಗೊತ್ತುಮಾಡುವ ಅಧಿಕಾರ ರಾಜ್ಯಗಳ ಕೈಗೆ ಬಂದಾಗ, ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳಲ್ಲೂ ಅಂಗಡಿ ತೆರೆಯಬಹುದೆಂದು ಬರ್ಲಿನ್ ರಾಜ್ಯ ಕಾನೂನು ಮಾಡಿತು. ಚರ್ಚುಗಳು ನ್ಯಾಯಾಲಯದ ಮೊರೆಹೊಕ್ಕವು. ವರ್ತಕರ ಲಾಭವಾಗಲಿ ಗಿರಾಕಿಗಳ ದಿನನಿತ್ಯದ ಕೊಳ್ಳುವ ಬಯಕೆಯಾಗಲಿ ಭಾನುವಾರದ ಬಿಡುವನ್ನು ಮುರಿಯಲು ಸಾಕಾದ ಕಾರಣವಲ್ಲವೆಂದು ಅಲ್ಲಿನ ಸಂವಿಧಾನ ನ್ಯಾಯಾಲಯ 2009ರ ಡಿಸೆಂಬರ್ 1ರಂದು ತೀರ್ಪಿತ್ತಿತು. ಅಂಗಡಿಯ ಕದವೊಂದು ತೆರೆದಿರಬೇಕೆ ಮುಚ್ಚಿರಬೇಕೆ ಎಂಬ ಪ್ರಶ್ನೆಗಾಗಿ ರಾಷ್ಟ್ರದ ಅತ್ಯುನ್ನತ ಪೀಠ ಕುಳಿತು ಚಿಂತಿಸಿತೆಂಬುದು ಸಣ್ಣ ಸಂಗತಿಯಲ್ಲ.

ಇನ್ನೊಂದು ಸ್ವಾರಸ್ಯವಿದೆ. ದೇಶಕ್ಕೆಲ್ಲ ಸಮಾನವಾದ ರಜೆಗಳು ಒಂಬತ್ತೇ. ಉಳಿದವನ್ನು ಹದಿನಾರು ರಾಜ್ಯಗಳು ತಂತಮ್ಮ ಇತಿಹಾಸಕ್ಕೆ ತಕ್ಕಂತೆ ಗೊತ್ತುಮಾಡಿಕೊಂಡಿವೆ. ನಾವು ರಾಜ್ಯೋತ್ಸವ ಆಚರಿಸುವ ನವೆಂಬರ್ 1 ಬವೇರಿಯದಲ್ಲಿ ಸಕಲ ಸಂತರ ದಿನ. ಜನ ಹೂವು, ದೀಪ ಹಿಡಿದು ಹಿರಿಯರ ಸಮಾಧಿಗಳಿಗೆ ಹೋಗುತ್ತಾರೆ, ಮ್ಯೂನಿಕ್ಕಿನ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಅದೇ ದಿನ ಬರ್ಲಿನ್ನಿನಲ್ಲಿ, ಭಾನುವಾರವಾಗಿರದಿದ್ದರೆ, ಎಂದಿನ ವ್ಯಾಪಾರ. ಬರ್ಲಿನ್ ತನ್ನ ಪಾಲಿಗೆ 2019ರಿಂದ ಮಾರ್ಚ್ 8ರ ಮಹಿಳಾ ದಿನವನ್ನು ರಜೆಯಾಗಿಸಿಕೊಂಡಿದೆ. ಆಗಸ್ಟ್ 15ರ ಮೇರಿಮಾತೆಯ ಹಬ್ಬಕ್ಕಂತೂ ಬವೇರಿಯದೊಳಗೇ ಕ್ಯಾಥೊಲಿಕರು ಹೆಚ್ಚಿರುವ ಊರುಗಳಲ್ಲಿ ರಜೆ, ಪ್ರಾಟೆಸ್ಟೆಂಟರು ಹೆಚ್ಚಿರುವ ಊರುಗಳಲ್ಲಿ ಇಲ್ಲ.

ಎಲ್ಲಕ್ಕಿಂತ ವಿಶಿಷ್ಟವಾದದ್ದು ಆಗ್ಸ್‌ಬರ್ಗ್ ನಗರದ ರಜೆ. 1629ರ ಆಗಸ್ಟ್ 8ರಂದು ಅಲ್ಲಿಯ ಪ್ರಾಟೆಸ್ಟೆಂಟರ ಆರಾಧನೆಗೆ ನಿಷೇಧ ಬಿತ್ತು. ಮೂವತ್ತು ವರ್ಷಗಳ ಯುದ್ಧ 1648ರಲ್ಲಿ ಮುಗಿದು ಹಕ್ಕು ಮರಳಿದ ಮೇಲೆ, 1650ರಲ್ಲಿ ಅದೇ ತಾರೀಖನ್ನು ಅವರು ಶಾಂತಿಯ ಹಬ್ಬವಾಗಿ ಆಚರಿಸಿದರು. ಇಂದಿಗೂ ಆಗಸ್ಟ್ 8 ಆ ಒಂದು ನಗರಕ್ಕೆ ಮಾತ್ರ ರಜಾದಿನ. ಊರಿನ ಎಲ್ಲೆ ದಾಟಿದರೆ ಅಂಗಡಿ ತೆರೆದಿದೆ, ಒಳಗೆ ಮುಚ್ಚಿದೆ. ಕಾರಣ ತಿಳಿಯದ ಪ್ರವಾಸಿಗೆ ಅದೊಂದು ಕಿರುಕುಳ. ತಿಳಿದವನಿಗೆ ಆ ಬೀಗವೇ ಒಂದು ಶಾಸನ.

ಹಾಗೆಂದು ಪ್ರವಾಸಿಯನ್ನು ಆ ನಾಡು ಬೀದಿಪಾಲು ಮಾಡುವುದಿಲ್ಲ. ದೊಡ್ಡ ರೈಲು ನಿಲ್ದಾಣಗಳ, ವಿಮಾನ ನಿಲ್ದಾಣಗಳ ಅಂಗಡಿಗಳು ಪಯಣಿಗರ ಅಗತ್ಯಕ್ಕೆಂದು ತೆರೆದಿರುತ್ತವೆ. ಔಷಧದ ಅಂಗಡಿಗಳಿಗೆ ಸರದಿಯ ಏರ್ಪಾಡಿದೆ. ಮುಚ್ಚಿದ ಅಂಗಡಿಯ ಬಾಗಿಲಲ್ಲೇ ಅಂದು ತೆರೆದಿರುವ ಅಂಗಡಿಯ ವಿಳಾಸ ಕಾಣಸಿಗುತ್ತದೆ. ವಾರದಲ್ಲಿ ಸೋಮವಾರ ಮುಚ್ಚುವ ವಸ್ತುಸಂಗ್ರಹಾಲಯಗಳಲ್ಲಿ ಹಲವು, ಈಸ್ಟರ್ ಸೋಮವಾರದಂಥ ರಜಾದಿನಗಳಂದು ತೆರೆದಿರುವುದೂ ಉಂಟು. ಆದ್ದರಿಂದ ಹೊರಡುವ ಮುನ್ನ ದೇಶದ ಪಟ್ಟಿಯನ್ನಷ್ಟೇ ಅಲ್ಲ, ಆ ರಾಜ್ಯದ, ಆ ಊರಿನ ಪಟ್ಟಿಯನ್ನೂ ನೋಡಿಕೊಳ್ಳುವುದು ವಿವೇಕ.

ಈ ಬಿಡುವು ಎಲ್ಲರಿಗೂ ಸಮನಾಗಿ ದೊರೆಯುತ್ತದೆಯೇ? ಇಲ್ಲ. ರಜಾದಿನದಂದೂ ದಾದಿಯರು, ಟ್ರಾಮ್ ನಡೆಸುವವರು, ಹೋಟೆಲಿನ ಅಡಿಗೆಯವರು ದುಡಿಯುತ್ತಲೇ ಇರುತ್ತಾರೆ. 1961ರ ಒಪ್ಪಂದದ ಮೇರೆಗೆ ತುರ್ಕಿಯಿಂದ ಬಂದ ಕೆಲಸಗಾರರ ಮೊಮ್ಮಕ್ಕಳು ಇಂದು ಅಲ್ಲಿಯವರೇ ಆಗಿದ್ದಾರೆ. ಆದರೆ ರಂಜಾನ್ ಹಬ್ಬಕ್ಕೆ ಯಾವ ರಾಜ್ಯದಲ್ಲಿಯೂ ಸಾರ್ವತ್ರಿಕ ರಜೆಯಿಲ್ಲ. ಅಲ್ಲಿ ನೆಲೆಸಿದ ಕನ್ನಡಿಗನಿಗೂ ಯುಗಾದಿ, ದೀಪಾವಳಿಗಳು ಕಚೇರಿಗೆ ಹೋಗುವ ದಿನಗಳೇ. ರಜೆಯ ಪಟ್ಟಿಯಲ್ಲಿ ಯಾರ ನೆನಪಿಗೆ ಜಾಗವಿದೆ, ಯಾರ ನೆನಪಿಗೆ ಇಲ್ಲ ಎಂಬುದೂ ಆ ಸಮಾಜವನ್ನು ಅರಿಯಲು ಒಂದು ದಾರಿ.

ಆದರೂ ಒಂದು ಮಾತು ನಿಲ್ಲುತ್ತದೆ. ನಮಗೆ ಬೇಕಾದಾಗ ಬೇಕಾದ ಕದ ತೆರೆದಿರಬೇಕೆಂದು ನಾವು ಬಯಸುವಾಗ, ಆ ಕದದ ಹಿಂದೆ ನಿಂತು ಕಾಯುವ ಒಬ್ಬ ಮನುಷ್ಯನನ್ನು ಮರೆತಿರುತ್ತೇವೆ. ಅವನಿಗೂ ಮನೆಯಿದೆ, ಮಕ್ಕಳಿದ್ದಾರೆ, ಅವರೊಡನೆ ಕುಳಿತು ಉಣ್ಣಬೇಕಾದ ಒಂದು ಮಧ್ಯಾಹ್ನವಿದೆ. ಆ ಮಧ್ಯಾಹ್ನವನ್ನು ಕೊಳ್ಳಲಾಗದ ವಸ್ತುವೆಂದು ಒಂದು ನಾಡು ತೀರ್ಮಾನಿಸಿದ್ದರೆ, ಎರಡು ದಿನದ ಅತಿಥಿಯಾದ ನಾವು ಹಿಂದಿನ ದಿನವೇ ಬ್ರೆಡ್ಡು, ಹಾಲು ಕೊಂಡಿಟ್ಟುಕೊಂಡು ಆ ತೀರ್ಮಾನವನ್ನು ಗೌರವಿಸುವುದು ಕಷ್ಟದ ಕೆಲಸವೇನಲ್ಲ.