ಬಿಡಿಬಿಡಿಯಾಗಿ ಕಟ್ಟಿದ ಮನೆಯ ಜಾಲ

(ಉಪನ್ಯಾಸದ ಬರಹರೂಪ)



ಪರಿಸರ ಚಳವಳಿಯ ವೇದಿಕೆಯಲ್ಲಿ ರೂಟರು, ಕೇಬಲುಗಳ ಮಾತೇಕೆ ಎಂಬ ಪ್ರಶ್ನೆ ಏಳುವುದು ಸಹಜ. 2024ರ ಜುಲೈ 31ರಂದು ಕೇಂದ್ರ ಪರಿಸರ ಸಚಿವಾಲಯವು ಪಶ್ಚಿಮಘಟ್ಟದ ಪರಿಸರಸೂಕ್ಷ್ಮ ಪ್ರದೇಶವನ್ನು ಕುರಿತ ಕರಡು ಅಧಿಸೂಚನೆಯನ್ನು ಹೊರಡಿಸಿತು. ಆಕ್ಷೇಪಣೆಗೆ ದೊರೆತ ಅವಧಿ 60 ದಿನ. ಪುಷ್ಯ ಮಳೆಯಲ್ಲಿ ಆರಂಭವಾದ ಈ ಅವಧಿ ಉತ್ತರೆ ಮಳೆ ಮುಗಿಯುವ ಹೊತ್ತಿಗೆ ತೀರಿಹೋಯಿತು. ಮಲೆನಾಡಿನಲ್ಲಿ ಮರ ಬಿದ್ದು ತಂತಿ ಹರಿಯುವ, ದಿನಗಟ್ಟಲೆ ವಿದ್ಯುತ್ತು ಇಲ್ಲದಿರುವ ಕಾಲವೂ ಅದೇ. ಅರಣ್ಯಭೂಮಿಯ ಪರಿವರ್ತನೆ, ಪರಿಸರ ಅನುಮತಿ ಮುಂತಾದ ಅರ್ಜಿಗಳನ್ನು 2018ರಲ್ಲಿ ಆರಂಭವಾದ 'ಪರಿವೇಶ್' ಜಾಲತಾಣದ ಮೂಲಕ ಸಲ್ಲಿಸಲಾಗುತ್ತಿದೆ. ಯಾವ ಕಾಡಿನ ಭವಿಷ್ಯ ಅಲ್ಲಿ ಬರೆಯಲ್ಪಡುತ್ತಿದೆಯೋ ಆ ಕಾಡಿನ ಅಂಚಿನ ಮನೆಗೆ ಆ ಪುಟ ತೆರೆಯದಿದ್ದರೆ, ಹಕ್ಕು ಕಾಗದದಲ್ಲಷ್ಟೇ ಉಳಿಯುತ್ತದೆ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಪಾಠ ಕೇಳಲು ಗುಡ್ಡ ಹತ್ತಿದ ಮಕ್ಕಳ ಪಾಡು ಎಲ್ಲರಿಗೂ ತಿಳಿದದ್ದೇ.

ಹಳ್ಳಿಗೆ ಸಂಪರ್ಕ ತರುವುದು ಸರಕಾರದ ಹೊಣೆ. ಅದಕ್ಕೆ ಹಕ್ಕೊತ್ತಾಯವೇ ದಾರಿ. ಆದರೆ ಸಂಪರ್ಕ ಮನೆಯ ಬಾಗಿಲಿಗೆ ಬಂದ ಮೇಲೂ ಜಾಲ ಪದೇ ಪದೇ ಸಾಯುವುದುಂಟು. ಅದಕ್ಕೆ ಪರಿಹಾರ ಮನೆಯವರ ಕೈಯಲ್ಲೇ ಇದೆ. ಇಂದಿನ ಮಾತು ಅಷ್ಟಕ್ಕೆ ಸೀಮಿತ.

ಒಂದು ಪೆಟ್ಟಿಗೆ, ನಾಲ್ಕು ಕೆಲಸ

ಅಬ್ಬಿಯ ನೀರು ಮನೆಗೆ ಬರುವ ಬಗೆಯನ್ನು ನೆನೆಯಬಹುದು. ಮೇಲೆ ಒರತೆ, ಅಲ್ಲಿಂದ ಅಡಿಕೆ ಮರದ ದಂಬೆ ಅಥವಾ ಪೈಪು, ಬಳಿಕ ತೊಟ್ಟಿ, ಕೊನೆಗೆ ನಲ್ಲಿ. ನಲ್ಲಿ ಕೆಟ್ಟರೆ ಯಾರೂ ತೊಟ್ಟಿ ಒಡೆಯುವುದಿಲ್ಲ. ದಂಬೆ ಕೊಳೆತರೆ ಅದೊಂದನ್ನೇ ಬದಲಿಸುತ್ತಾರೆ.

ಇಂದು ಮನೆಗೆ ಬರುವ ಅಂತರ್ಜಾಲದ ಪೆಟ್ಟಿಗೆಯಲ್ಲಿ ಇಂತಹ ನಾಲ್ಕು ಕೆಲಸಗಳನ್ನು ಒಟ್ಟಿಗೆ ತುರುಕಲಾಗಿದೆ. ಗಾಜಿನ ಎಳೆಯಲ್ಲಿ ಬರುವ ಬೆಳಕನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುವುದು ಓಎನ್‌ಟಿಯ ಕೆಲಸ. ಮನೆಯ ಪ್ರತಿ ಉಪಕರಣಕ್ಕೂ ವಿಳಾಸ ಹಂಚಿ, ಹೊರಗಿನಿಂದ ಬರುವುದನ್ನು ಕಾಯುವುದು ರೂಟರಿನ ಕೆಲಸ. ಕೇಬಲುಗಳನ್ನು ಕವಲೊಡೆಸುವುದು ನೆಟ್‌ವರ್ಕ್ ಸ್ವಿಚ್ಚಿನ ಕೆಲಸ. ರೇಡಿಯೋ ಅಲೆಗಳ ಮೂಲಕ ಮೊಬೈಲಿಗೆ ತಲುಪಿಸುವುದು ಆಕ್ಸೆಸ್ ಪಾಯಿಂಟಿನ ಕೆಲಸ. ನಾಲ್ಕರಲ್ಲಿ ಒಂದು ಸತ್ತರೂ ಇಡೀ ಪೆಟ್ಟಿಗೆ ಕಸವಾಗುತ್ತದೆ. ಬಿಡಿಬಿಡಿಯಾಗಿ ಕಟ್ಟಿದ ಜಾಲದಲ್ಲಿ ಸತ್ತದ್ದೊಂದನ್ನೇ ಬದಲಿಸಿದರೆ ಸಾಕು. ಯಾವುದು ಸತ್ತಿತೆಂಬುದೂ ಬೇಗ ತಿಳಿಯುತ್ತದೆ. ಓಎನ್‌ಟಿ ಸಾಮಾನ್ಯವಾಗಿ ಸಂಪರ್ಕ ಕೊಟ್ಟವರದೇ ಆಗಿರುತ್ತದೆ. ಅದನ್ನು 'ಬ್ರಿಜ್' ವಿಧಾನದಲ್ಲಿಡುವಂತೆ ಅವರನ್ನು ಕೇಳಿಕೊಂಡರೆ ಉಳಿದ ಕೆಲಸವನ್ನು ಮನೆಯವರ ಸ್ವಂತ ರೂಟರಿಗೆ ವಹಿಸಬಹುದು.

ಸಿಡಿಲು ಮತ್ತು ತಾಮ್ರ

ಮುಂಗಾರಿಗೆ ಮುನ್ನ ಹಾಗೂ ಮಳೆಗಾಲದ ಕೊನೆಯಲ್ಲಿ ಬರುವ ಗುಡುಗು-ಸಿಡಿಲು ಮಲೆನಾಡಿನ ಉಪಕರಣಗಳ ದೊಡ್ಡ ಶತ್ರು. ಹಿಂದೆ ದೂರವಾಣಿಯ ತಾಮ್ರದ ತಂತಿಯ ಮೂಲಕವೇ ಅದು ಮೋಡೆಮಿಗೆ ಇಳಿಯುತ್ತಿತ್ತು. ಗಾಜಿನ ಎಳೆ ವಿದ್ಯುತ್ತನ್ನು ಹರಿಸದು. ಆದರೆ ಕೇಬಲಿನ ಆಧಾರಕ್ಕಿರುವ ಉಕ್ಕಿನ ತಂತಿ ಹರಿಸಬಲ್ಲದು. ಆದ್ದರಿಂದ ಆ ತಂತಿಯನ್ನು ಹೊರಗೋಡೆಯಲ್ಲೇ ನಿಲ್ಲಿಸಿ, ಗಾಜಿನ ಎಳೆಯನ್ನು ಮಾತ್ರ ಒಳತರಬೇಕು.

ಮನೆಯಿಂದ ಕೊಟ್ಟಿಗೆಗೋ ಅಡಿಕೆ ಸುಲಿಯುವ ಚಪ್ಪರಕ್ಕೋ ಜಾಲ ಒಯ್ಯುವಾಗಲೂ ಇದೇ ಎಚ್ಚರ ಬೇಕು. ತಾಮ್ರದ ಈಥರ್ನೆಟ್ ಕೇಬಲಿಗೆ 100 ಮೀಟರಿನ ಮಿತಿಯಿದೆ. ಅದಕ್ಕಿಂತ ಮುಖ್ಯವಾಗಿ, ಎರಡು ಕಟ್ಟಡಗಳ ನಡುವೆ ಬಯಲಲ್ಲಿ ಹಾದುಹೋಗುವ ತಾಮ್ರವು ಹತ್ತಿರ ಬಿದ್ದ ಸಿಡಿಲಿನ ಆಘಾತವನ್ನು ಎರಡೂ ಕಡೆಗೆ ಒಯ್ಯುತ್ತದೆ. ಕಟ್ಟಡದಿಂದ ಕಟ್ಟಡಕ್ಕೆ ಗಾಜಿನ ಎಳೆ, ಕಟ್ಟಡದೊಳಗೆ ತಾಮ್ರ ಎಂಬುದು ನೆನಪಿಡಬೇಕಾದ ನಿಯಮ. ಒಳಗಿನ ಕೇಬಲು ಅಪ್ಪಟ ತಾಮ್ರದ್ದಾಗಿರಬೇಕು. ಅಲ್ಯೂಮಿನಿಯಮ್ಮಿಗೆ ತಾಮ್ರದ ಲೇಪ ಕೊಟ್ಟ ಅಗ್ಗದ ಕೇಬಲು ಬಾಗಿದಲ್ಲಿ ಬೇಗ ಮುರಿಯುತ್ತದೆ.

ಪುಟ್ಟ ಬ್ಯಾಟರಿಯ ದೊಡ್ಡ ಉಪಕಾರ

ಮನೆಯ ಬಹುಪಾಲು ಜಾಲೋಪಕರಣಗಳು 12 ವೋಲ್ಟಿನ ನೇರ ವಿದ್ಯುತ್ತಿನಲ್ಲಿ ನಡೆಯುತ್ತವೆ. ಓಎನ್‌ಟಿ, ರೂಟರುಗಳು ಒಟ್ಟಿಗೆ 15 ವ್ಯಾಟ್ ಬಳಸುತ್ತವೆಂದು ಇಟ್ಟುಕೊಳ್ಳೋಣ. 12 ವೋಲ್ಟಿನ, 7 ಆಂಪಿಯರ್-ಅವರ್ ಸಾಮರ್ಥ್ಯದ ಸೀಸ-ಆಮ್ಲ ಬ್ಯಾಟರಿಯಲ್ಲಿ 84 ವ್ಯಾಟ್-ಅವರ್ ಶಕ್ತಿಯಿದೆ. ಬ್ಯಾಟರಿಯ ಆಯುಷ್ಯ ಉಳಿಯಲು ಅರ್ಧವನ್ನಷ್ಟೇ ಬಳಸಿದರೂ ಸುಮಾರು ಮೂರು ಗಂಟೆ ಜಾಲ ನಡೆಯುತ್ತದೆ. ಇನ್ವರ್ಟರಿನಲ್ಲಿ ಆಗುವ ನಷ್ಟ ಇಲ್ಲಿಲ್ಲ. ಸಣ್ಣದೊಂದು ಸೌರಫಲಕವನ್ನು ಜೋಡಿಸಲೂ ಸುಲಭ. ಒಂದು ಎಚ್ಚರಿಕೆ: ಚಾರ್ಜ್ ಆಗುವಾಗ ಇಂತಹ ಬ್ಯಾಟರಿಯ ವೋಲ್ಟೇಜು 14ರ ಆಸುಪಾಸಿಗೆ ಏರುತ್ತದೆ. ಆದ್ದರಿಂದ ನಡುವೆ 12 ವೋಲ್ಟನ್ನು ಸ್ಥಿರವಾಗಿಡುವ ನಿಯಂತ್ರಕವನ್ನು ಇಡಬೇಕು. ಧನ-ಋಣ ತುದಿಗಳನ್ನು ಪರೀಕ್ಷಿಸಿಯೇ ಜೋಡಿಸಬೇಕು.

ಇನ್ನೊಂದು ಲಾಭವೂ ಇದೆ. ಗುಡುಗು ಕೇಳಿದೊಡನೆ ಚಾರ್ಜರನ್ನು ಗೋಡೆಯಿಂದ ಕಿತ್ತಿಟ್ಟರೆ, ಗಾಜಿನ ಎಳೆ ಮತ್ತು ಬ್ಯಾಟರಿಗಳ ನಡುವೆ ಜಾಲವು ಒಂದು ದ್ವೀಪದಂತೆ ನಡೆಯುತ್ತಿರುತ್ತದೆ. ಹೊರಗಿನ ಯಾವ ಲೋಹದ ತಂತಿಯೂ ಅದಕ್ಕೆ ಅಂಟಿರುವುದಿಲ್ಲ. ಮನೆಗೆ ಒಳ್ಳೆಯ ಅರ್ಥಿಂಗ್ ಅಗತ್ಯ. ಆದರೆ ಹತ್ತಿರದಲ್ಲೇ ಬೀಳುವ ಸಿಡಿಲನ್ನು ತಡೆಯುವ ವಿಷಯದಲ್ಲಿ ಕಿತ್ತಿಟ್ಟ ಪ್ಲಗ್ಗಿಗೆ ಸಾಟಿಯಾದ ಸಾಧನ ಇನ್ನೊಂದಿಲ್ಲ.

ದಪ್ಪ ಗೋಡೆಯ ಆಚೆಗೆ

ಮಣ್ಣಿನ ಅಥವಾ ಕೆಂಪುಕಲ್ಲಿನ ದಪ್ಪ ಗೋಡೆ, ಅದರಲ್ಲೂ ಮಳೆಯಲ್ಲಿ ತೊಯ್ದ ಗೋಡೆ, ರೇಡಿಯೋ ಅಲೆಯನ್ನು ಹೀರುತ್ತದೆ. ತಗಡಿನ ಮಾಡು ಅದನ್ನು ಹಿಂದಕ್ಕೆ ತಳ್ಳುತ್ತದೆ. 2.4 ಗಿಗಾಹರ್ಟ್ಸಿನ ಅಲೆ ಗೋಡೆಯನ್ನು ತಕ್ಕಮಟ್ಟಿಗೆ ದಾಟುತ್ತದೆ. 5 ಗಿಗಾಹರ್ಟ್ಸಿನದು ವೇಗವುಳ್ಳದ್ದಾದರೂ ಬೇಗ ಸೋಲುತ್ತದೆ. ಹೆಚ್ಚು ಶಕ್ತಿಯ, ಹೆಚ್ಚು ಬೆಲೆಯ ಪೆಟ್ಟಿಗೆಯನ್ನು ಜಗಲಿಯಲ್ಲಿ ನೇತುಹಾಕುವುದಕ್ಕಿಂತ, ಮಕ್ಕಳು ಓದುವ ಕೋಣೆಗೆ ಒಂದು ಕೇಬಲನ್ನು ಎಳೆದು ಅಲ್ಲೊಂದು ಸಾಧಾರಣ ಆಕ್ಸೆಸ್ ಪಾಯಿಂಟ್ ಇಡುವುದು ಲೇಸು. ಅದೇ ಕೇಬಲಿನಲ್ಲಿ ವಿದ್ಯುತ್ತನ್ನೂ ಕಳುಹಿಸುವ ವಿಧಾನಕ್ಕೆ 2003ರಲ್ಲಿ ಅಂತರರಾಷ್ಟ್ರೀಯ ಮಾನಕವೊಂದು ರೂಪುಗೊಂಡಿತು. ಅದರಂತೆ ಪ್ರತಿ ಕವಲಿಗೆ 15.4 ವ್ಯಾಟ್‌ವರೆಗೆ ಕೊಡಬಹುದು. ಅದಕ್ಕೆ ತಕ್ಕ ಸ್ವಿಚ್ಚು, ತಕ್ಕ ಉಪಕರಣ ಇದ್ದರೆ ಇಡೀ ಮನೆಗೆ ಒಂದೇ ಕಡೆಯ ಬ್ಯಾಟರಿ ಸಾಕು.

ಹಳೆಯದಕ್ಕೆ ಮರುಹುಟ್ಟು

ಆ ಆಕ್ಸೆಸ್ ಪಾಯಿಂಟನ್ನು ಹೊಸದಾಗಿ ಕೊಳ್ಳಲೇಬೇಕೆಂದಿಲ್ಲ. ಅಟ್ಟದ ಮೇಲಿರುವ ಹಳೆಯ ರೂಟರಿನ ರೇಡಿಯೋ ಜೀವಂತವಾಗಿದ್ದರೆ ಮೂರು ಕೆಲಸ ಮಾಡಬೇಕು. ಮುಖ್ಯ ರೂಟರಿಗೆ ಡಿಕ್ಕಿಯಾಗದ ವಿಳಾಸವನ್ನು ಅದಕ್ಕೆ ಕೊಡಬೇಕು. ವಿಳಾಸ ಹಂಚುವ ಅದರ 'ಡಿಎಚ್‌ಸಿಪಿ' ಕಾರ್ಯವನ್ನು ನಿಲ್ಲಿಸಬೇಕು. ಕೇಬಲನ್ನು 'ವ್ಯಾನ್' ಕಿಂಡಿಗಲ್ಲದೆ 'ಲ್ಯಾನ್' ಕಿಂಡಿಗೆ ಸಿಕ್ಕಿಸಬೇಕು. ಆದರೆ ತಯಾರಕರು ತಂತ್ರಾಂಶದ ತಿದ್ದುಪಡಿಯನ್ನು ನಿಲ್ಲಿಸಿದ ಪೆಟ್ಟಿಗೆಯನ್ನು ಹೊರಬಾಗಿಲ ಕಾವಲಿಗೆ ನಿಲ್ಲಿಸಬಾರದು. ಅಂತಹ ಕೆಲವು ಮಾದರಿಗಳಿಗೆ 2004ರಲ್ಲಿ ಆರಂಭವಾದ 'ಓಪನ್‌ಡಬ್ಲ್ಯೂಆರ್‌ಟಿ' ಎಂಬ ಮುಕ್ತ ತಂತ್ರಾಂಶ ಹೊಸ ಆಯುಷ್ಯ ಕೊಡುತ್ತದೆ.

ಇದು ಹೊಸ ಕನಸೇನೂ ಅಲ್ಲ. 2005ರಲ್ಲಿ ಹೊರಾಂಗಣ ವೈ-ಫೈ ಬಳಕೆಗೆ ಪರವಾನಗಿಯ ಅಗತ್ಯ ತಪ್ಪಿದಾಗ, ಹಿಮಾಚಲದ ಧರ್ಮಶಾಲೆಯಲ್ಲಿ ಮನೆಬಳಕೆಯ ರೂಟರುಗಳನ್ನೇ ಮಾರ್ಪಡಿಸಿ, ಬೆಟ್ಟದ ಮೇಲೆ ಸೌರಶಕ್ತಿಯ ಮರುಪ್ರಸಾರ ಕೇಂದ್ರಗಳನ್ನಿಟ್ಟು ಸಮುದಾಯ ಜಾಲವೊಂದನ್ನು ಕಟ್ಟಲಾಯಿತು.

ಕಸದ ಲೆಕ್ಕವನ್ನೂ ಇಲ್ಲಿ ಹೇಳಬೇಕು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಮರುಬಳಕೆಯ ಹೊಣೆಯನ್ನು ಉತ್ಪಾದಕರ ಮೇಲಿಟ್ಟಿವೆ. ಆದರೆ ಸಂಗ್ರಹಣ ಕೇಂದ್ರ ಕಾಡಿನ ನಡುವಿನ ಒಂಟಿ ಮನೆಯಿಂದ ದೂರ. ಸತ್ತ ಪೆಟ್ಟಿಗೆ ಕೊನೆಗೆ ತಿಪ್ಪೆಯನ್ನೋ ಹಳ್ಳವನ್ನೋ ಸೇರುತ್ತದೆ. ತಂತಿಯನ್ನು ಸುಟ್ಟರೆ ಅದರ ಪಿವಿಸಿ ಹೊದಿಕೆಯಿಂದ ಡಯಾಕ್ಸಿನ್‌ನಂತಹ ವಿಷ ಹೊಮ್ಮುತ್ತದೆ. ಬ್ಯಾಟರಿಯ ಸೀಸವೂ ಮಣ್ಣಿಗೆ ಸೇರಬಾರದು. ಹಳೆಯದನ್ನು ಮಾರಿದವರಿಗೇ ಮರಳಿಸಬೇಕು. ಎಸೆಯದೆ ಉಳಿಸಿಕೊಂಡ ಪೆಟ್ಟಿಗೆಯೇ ಅತ್ಯುತ್ತಮ ಮರುಬಳಕೆ.

ಒಂದು ಆಕ್ಷೇಪ

ಬಿಡಿಭಾಗ ಹೆಚ್ಚಿದಷ್ಟು ಕೀಲುಗಳೂ ಹೆಚ್ಚು, ಕೆಡುವ ಸಂದರ್ಭವೂ ಹೆಚ್ಚು ಎಂಬ ವಾದವಿದೆ. ಅದು ನಿಜ. ಎರಡೇ ಕೋಣೆಯ ಮನೆಗೆ ಒಂದೇ ಪೆಟ್ಟಿಗೆ, ಒಂದು ಬ್ಯಾಟರಿ ಸಾಕು. ಭಾಗ ಹೆಚ್ಚಿಸಿದ ಮಾತ್ರಕ್ಕೆ ಜಾಲ ಭದ್ರವಾಗದು. ಕೆಟ್ಟ ಭಾಗವನ್ನು ಗುರುತಿಸಿ, ಮನೆಯವರೇ ಬದಲಿಸಬಲ್ಲವರಾದಾಗ ಮಾತ್ರ ಭದ್ರವಾಗುತ್ತದೆ. ಪೇಟೆಯಿಂದ ದುರಸ್ತಿಯವರು ಬರಲು ವಾರ ಹಿಡಿಯುವ ಊರಿನಲ್ಲಿ ಈ ವ್ಯತ್ಯಾಸ ಸಣ್ಣದಲ್ಲ.

ವಿದ್ಯಾರ್ಥಿಗಳಿಗೆ ಇಲ್ಲೊಂದು ಕೆಲಸವಿದೆ. ಮನೆಯ ಜಾಲದ ನಕ್ಷೆಯನ್ನು ಕಾಗದದಲ್ಲಿ ಬರೆದು, ಪ್ರತಿ ಕೇಬಲಿನ ಎರಡೂ ತುದಿಗೆ ಒಂದೇ ಹೆಸರಿನ ಚೀಟಿ ಅಂಟಿಸಬೇಕು. ಜಾಲ ನಿಂತಾಗ ಒರತೆಯಿಂದ ನಲ್ಲಿಯವರೆಗೆ ಹುಡುಕುವಂತೆ ಹೊರಗಿನಿಂದ ಒಳಕ್ಕೆ ಬರಬೇಕು. ಓಎನ್‌ಟಿಯ 'ಲಾಸ್' ದೀಪ ಕೆಂಪಾಗಿದ್ದರೆ ಸಾಮಾನ್ಯವಾಗಿ ದೋಷ ಹೊರಗಿನ ಎಳೆಯದು, ದೂರು ಕೊಡಬೇಕು. ಅದು ಸರಿಯಿದ್ದರೆ ರೂಟರು, ಬಳಿಕ ಸ್ವಿಚ್ಚು, ಕೊನೆಗೆ ಆಕ್ಸೆಸ್ ಪಾಯಿಂಟ್. ಕೇರಿಗೊಂದು ಹೆಚ್ಚುವರಿ ಅಡಾಪ್ಟರ್, ಒಂದು ಹಳೆಯ ರೂಟರ್, ನಾಲ್ಕು ಕೇಬಲು ಒಬ್ಬರ ಮನೆಯಲ್ಲಿದ್ದರೆ, ಮುಂದಿನ ಅಧಿಸೂಚನೆ ಯಾವ ಮಳೆಯಲ್ಲಿ ಹೊರಬಿದ್ದರೂ ಅದನ್ನು ಓದಲು, ಉತ್ತರಿಸಲು ಊರು ಸಿದ್ಧವಾಗಿರುತ್ತದೆ.